ಗಳಗಂಡದ ಮೂಲವನ್ನರಸಿದ ವೈದ್ಯರು: ಸರ್ ರಾಬರ್ಟ್ ಮೆಕ್ಯಾರಿಸನ್

ನಮ್ಮ ಪಾಠಶಾಲೆಯ ಪೂರ್ವ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಈ ಸಾರಿ ಒಬ್ಬ ವೈದ್ಯರ ಜೀವನವನ್ನು ನಿವೇದಿಸಲು ಬಯಸುತ್ತೇವೆ. ಇವರು ಸೇನಾಪತಿಗಳೂ ಅಲ್ಲ, ರಾಜನೀತಿಜ್ಞರೂ ಅಲ್ಲ. ಇವರನ್ನು ಆರಿಸಿಕೊಂಡುದಕ್ಕೆ ಕಾರಣವೊಂದುಂಟು. ಅದನ್ನು ಕಡೆಯಲ್ಲಿ ಅರಿಕೆಮಾಡುವೆವು.

ರಾಬರ್ಟ್ ಮೆಕ್ಯಾರಿಸನ್ನರು 1878ರಲ್ಲಿ ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ ಜನಿಸಿದರು. ಬೆಲ್‌ಫಾಸ್ಟಿನಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗಮಾಡಿ 1900ರಲ್ಲಿ ಪದವಿಯನ್ನು ಪಡೆದರು. ಮರುವರ್ಷವೇ ಇಂಡಿಯನ್ ಮೆಡಿಕಲ್ ಸರ್ವೀಸನ್ನು ಸೇರಿ ನಮ್ಮ ದೇಶಕ್ಕೆ ಬಂದರು. ಹಿಮಾಲಯದ ಆಚೆಯ ಚಿತ್ರಾಲ್, ಗಿಲ್ಗಿಟ್ ಎಂಬ ದುರ್ಗಮ ಕಣಿವೆಗಳು ಅವರ ಪಾಲಿಗೆ ಬಂದುವು. ಅಲ್ಲಿನ ಹಳ್ಳಿಗಳಲ್ಲಿ ಕುತ್ತಿಗೆಯ ಮುಂಭಾಗ ಊದಿಕೊಂಡ ಜನರು ಹೇರಳವಾಗಿದ್ದರು. ಇದೇ ಗಳಗಂಡ. ಅಂತಹ ತಾಯಂದಿರಲ್ಲಿ ಕೆಲವರ ಮಕ್ಕಳು ಕಿವುಡರಾಗಿ, ಮೂಗರಾಗಿ, ಬುದ್ಧಿ ಬೆಳೆಯದವರಾಗಿ ಹುಟ್ಟುತ್ತಿದ್ದರು. ಈ ದುರ್ದೈವಿಗಳ ಸ್ಥಿತಿಯನ್ನು ಮೆಕ್ಯಾರಿಸನ್ನರು 1908ರಲ್ಲಿ ಲೇಖನವೊಂದರಲ್ಲಿ ವಿವರಿಸಿ, ವೈದ್ಯಲೋಕದ ಗಮನಕ್ಕೆ ತಂದರು.

ಗಿಲ್ಗಿಟ್ಟಿನಲ್ಲಿ ಎಂಟು ಹಳ್ಳಿಗಳು ಒಂದರ ಕೆಳಗೊಂದರಂತೆ ಇದ್ದುವು. ಮೇಲಿನ ಹಳ್ಳಿಯವರು ಬಳಸಿ ಕಲ್ಮಷಗೊಳಿಸಿದ ನೀರೇ ಕೆಳಗಿನವರಿಗೆ ಕುಡಿಯುವ ನೀರು. ಅತ್ಯಂತ ಮೇಲಣ ಹಳ್ಳಿಯಲ್ಲಿ ನೂರರಲ್ಲಿ ಸುಮಾರು 12 ಮಂದಿಗೆ ಗಳಗಂಡವಿದ್ದರೆ, ಅತ್ಯಂತ ಕೆಳಗಣದರಲ್ಲಿ ಸುಮಾರು 45 ಮಂದಿಗೆ ಇದ್ದಿತು. ನೀರಿನಲ್ಲಿಯೇ ರೋಗದ ಬೀಜವಿರಬೇಕೆಂದು ಅವರು ತರ್ಕಿಸಿದರು. ತರ್ಕದಿಂದ ತೃಪ್ತರಾಗದೆ, ಆ ನೀರನ್ನು ಸೋಸಿದಾಗ ಉಳಿಯುವ ಮಡ್ಡಿಯನ್ನು ತಾವೂ ಕುಡಿದರು. ಸ್ವಸಂತೋಷದಿಂದ ಮುಂದೆಬಂದ ಇತರರಿಗೂ ಕುಡಿಸಿದರು. ಕೆಲವರ ಕುತ್ತಿಗೆ ಊದಿತು. ಕುದಿಸಿದ ಮಡ್ಡಿಯನ್ನು ಕುಡಿದವರಿಗೆ ಹಾಗಾಗಲಿಲ್ಲ.

ಇಲ್ಲಿ ವಾಚಕರಿಗೆ ಈ ಗ್ರಂಥಿಯ ವಿಚಾರವಾಗಿ ಎರಡು ಮಾತನ್ನು ಹೇಳಬೇಕು. ಬೆವರು, ಜೊಲ್ಲು ಮೊದಲಾದುವನ್ನು ಸುರಿಸುವ ಗ್ರಂಥಿಗಳಿಗೆ ನಾಳಗಳುಂಟು. ಥೈರಾಯ್ಡ್, ಪಿಟ್ಯೂಟರಿ, ಅಡ್ರಿನಲ್ ಮುಂತಾದುವಕ್ಕೆ ನಾಳಗಳಿಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತದಲ್ಲಿ ಬೆರೆಸುತ್ತವೆ. ಈ ರಸಗಳಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಸ್ಟಾರ್ಲಿಂಗ್ ಎಂಬ ಆಂಗ್ಲ ಪಂಡಿತರು ಬಳಕೆಗೆ ತಂದರು. ಥೈರಾಯ್ಡು ಕುತ್ತಿಗೆಯ ಮುಂದೆ ಚಿಟ್ಟೆಯ ಆಕಾರದಲ್ಲಿರುವುದು. ಅದರ ರಸವಾದ ಥೈರಾಕ್ಸಿನ್ ದೇಹದ ಶಾಖವನ್ನೂ ಬೆಳವಣಿಗೆಯನ್ನೂ ಮೆದುಳಿನ ಚುರುಕನ್ನೂ ಕಾಪಾಡುವುದು. ಅದನ್ನು ತಯಾರಿಸಲು ಅಯೋಡಿನ್ ಬೇಕೇ ಬೇಕು. ರಸವು ಕಡಮೆಯಾದೊಡನೆ, ಮೆದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿಯು ಇನ್ನೂ ದುಡಿಯೆಂದು ಥೈರಾಯ್ಡನ್ನು ತನ್ನ ಹಾರ್ಮೋನಿನಿಂದ ಪ್ರೇರಿಸುತ್ತದೆ. ಸಾಮಗ್ರಿಯೇ ಇಲ್ಲದೆ ದುಡಿಯುವ ಗ್ರಂಥಿಯು ದಪ್ಪವಾಗುತ್ತ ಹೋಗುವುದು. ಗಳಗಂಡವೆಂದರೆ ಬಹುಮಟ್ಟಿಗೆ ಇದೇ.

ಹಾಗಾದರೆ ಮೆಕ್ಯಾರಿಸನ್ನರು ಊಹಿಸಿದ ರೋಗಬೀಜವೇ ಮುಖ್ಯ ಕಾರಣವಾಗಿರಲಿಲ್ಲ. ಅದನ್ನು ಸ್ಪಷ್ಟಪಡಿಸಿದ ಪ್ರಯೋಗ ನಡೆದುದು ಪಾಠಶಾಲೆಯ ಹೆಣ್ಣುಮಕ್ಕಳಲ್ಲಿಯೇ! ಅಮೆರಿಕೆಯ ಆಕ್ರನ್ ನಗರದಲ್ಲಿ ಮರೀನ್ ಮತ್ತು ಕಿಂಬಲ್ ಎಂಬ ವೈದ್ಯರು 1917ರಿಂದ ಬಾಲಕಿಯರಿಗೆ ಅಯೋಡಿನ್ ಲವಣವನ್ನು ಕೊಟ್ಟರು. ಅದನ್ನು ಸೇವಿಸಿದ 2190 ಮಂದಿಯಲ್ಲಿ ಕೇವಲ 5 ಮಂದಿಗೆ ಗ್ರಂಥಿ ಬೆಳೆಯಿತು. ಸೇವಿಸದ 2305 ಮಂದಿಯಲ್ಲಿ 495 ಮಂದಿಗೆ ಬೆಳೆಯಿತು. ಆದರೂ ಮೆಕ್ಯಾರಿಸನ್ನರ ಶ್ರಮ ವ್ಯರ್ಥವೆನ್ನಲಾಗದು. ಯಾರೂ ಹೋಗಲೊಲ್ಲದ ಕಣಿವೆಗಳಲ್ಲಿ ನಡೆದು, ಮನೆ ಮನೆಯಲ್ಲಿ ರೋಗಿಗಳನ್ನು ಎಣಿಸಿ, ತಾಯಿಯ ಕುತ್ತಿಗೆಗೂ ಮಗುವಿನ ಬುದ್ಧಿಗೂ ಇರುವ ನಂಟನ್ನು ಬರೆದಿಟ್ಟವರು ಅವರು.

1918ರಲ್ಲಿ ಅವರು ನಮ್ಮ ನಾಡಿನ ಗಡಿಗೆ ಹೊಂದಿದ ನೀಲಗಿರಿಯ ಕೂನೂರಿಗೆ ಬಂದರು. ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಅವರ ಆಹಾರಸಂಶೋಧನೆ ಆರಂಭವಾಯಿತು. ಪಾಲಿಷ್ ಮಾಡಿದ ಅಕ್ಕಿಯನ್ನೇ ತಿಂದ ಪಾರಿವಾಳಗಳಲ್ಲಿ ಇತರ ಗ್ರಂಥಿಗಳು ಬಡವಾಗಿ, ಅಡ್ರಿನಲ್ ಗ್ರಂಥಿಗಳು ದಪ್ಪವಾಗುವುದನ್ನು ಅವರು ಕಂಡರು. ನಮ್ಮ ದೇಶದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಬಡಿಸಿ ನೋಡಿದರು. ತೌಡು ಕಳೆಯದ ಗೋದಿ, ಹಾಲು, ಬೇಳೆ, ತರಕಾರಿಗಳನ್ನು ಉಂಡ ಇಲಿಗಳು ಪುಷ್ಟಿಯಾದುವು. ಬರಿಯ ಬಿಳಿ ಅಕ್ಕಿಯನ್ನು ನೆಚ್ಚಿದುವು ಕೃಶವಾದುವು. ಮಿತವ್ಯಯದ ಕಾರಣದಿಂದ 1923ರಲ್ಲಿ ಸಂಶೋಧನೆ ನಿಂತುಹೋದರೂ, ಅವರು ಎದೆಗುಂದದೆ 1925ರಲ್ಲಿ ಮತ್ತೆ ಮೊದಲುಮಾಡಿದರು. 1933ರಲ್ಲಿ ಸರ್ ಪದವಿ ಬಂದಿತು, 1935ರಲ್ಲಿ ನಿವೃತ್ತರಾದರು, 1960ರಲ್ಲಿ ಆಕ್ಸ್‌ಫರ್ಡಿನಲ್ಲಿ ದಿವಂಗತರಾದರು. ಕೂನೂರಿನ ಆ ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ರಾಷ್ಟ್ರೀಯ ಪೋಷಣಾ ಸಂಸ್ಥೆಯೆನಿಸಿದೆ. ಕೂನೂರಿನಲ್ಲಿ ಕೆಲಸಮಾಡಿದ ರಾಮಲಿಂಗಸ್ವಾಮಿಯವರೇ 1956ರಿಂದ ಕಾಂಗ್ಡಾ ಕಣಿವೆಯಲ್ಲಿ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುವುದೆಂದು ತೋರಿಸಿಕೊಟ್ಟರು.

ಇನ್ನು ನಮ್ಮ ಅರಿಕೆ. ಕೆಲವು ವರ್ಷಗಳ ಹಿಂದೆ ಹಲಸೂರಿನ ಕಡೆಯಿಂದ ಬರುತ್ತಿದ್ದ ಬಾಲಕಿಯೊಬ್ಬಳು ಪಾಠದಲ್ಲಿ ತೂಕಡಿಸುತ್ತಿದ್ದಳು. ಬಿಸಿಲಿನಲ್ಲಿಯೂ ಸ್ವೆಟರ್ ಬಿಡಳು, ಮುಖ ಊದಿದಂತಿತ್ತು, ಲೆಕ್ಕದಲ್ಲಿ ಹಿಂದೆಬಿದ್ದಳು. ನಾವು ಅವಳನ್ನು ಸೋಮಾರಿಯೆಂದೇ ಬಗೆದು ಗದರಿಸಿದೆವು. ಪ್ರಗತಿಪತ್ರದಲ್ಲಿ ಹಾಗೆಯೇ ಬರೆದೆವು. ಅವಳ ತಾಯಿ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡು ಸೋತಿರುವುದು ತಿಳಿಯಿತು. ಅವಳದು ಅಯೋಡಿನ್ ಕೊರತೆಯಲ್ಲ, ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವ ವ್ಯಾಧಿ. ದಿನಕ್ಕೊಂದು ಗುಳಿಗೆಯಿಂದ ಕೆಲವು ತಿಂಗಳಲ್ಲಿ ಅವಳ ಮುಖ ತಿಳಿಯಾಯಿತು. ನಾವು ಬರೆದ ಆ ಮಾತನ್ನು ಅಳಿಸುವ ಗುಳಿಗೆ ಮಾತ್ರ ಇಲ್ಲ. ಅವಳಲ್ಲಿ ಕ್ಷಮೆ ಕೇಳಿದೆವು, ಅವಳು ನಕ್ಕಳು.

ಆದುದರಿಂದ ತಾಯಂದಿರಲ್ಲಿ ವಿಜ್ಞಾಪನೆ. ರಸೆಲ್ ಮಾರ್ಕೆಟ್ಟಿನಲ್ಲಾಗಲಿ ಕೃಷ್ಣರಾಜಪುರದ ಅಂಗಡಿಯಲ್ಲಾಗಲಿ ಉಪ್ಪನ್ನು ಕೊಳ್ಳುವಾಗ ಅಯೋಡಿನ್ ಬೆರೆತದ್ದೇ ಎಂದು ನೋಡಿಕೊಳ್ಳಿರಿ. ಅಂದದ ಬಣ್ಣದ ಕಲ್ಲುಪ್ಪಿಗೆ ಮರುಳಾಗಬೇಡಿರಿ. ಡಬ್ಬಿಯಲ್ಲಿ ಮುಚ್ಚಿಡಿರಿ, ಅಡಿಗೆ ಬೆಂದ ಮೇಲೆ ಹಾಕಿರಿ. ವಯಸ್ಕರಿಗೆ ದಿನಕ್ಕೆ ಬೇಕಾದುದು 150 ಮೈಕ್ರೋಗ್ರಾಂ ಅಯೋಡಿನ್ ಮಾತ್ರ, ಗರ್ಭಿಣಿಯರಿಗೆ 250. ಇಂದು ನಮ್ಮ ಬೆಂಚಿನ ಮೇಲೆ ಕುಳಿತವರೇ ನಾಳಿನ ತಾಯಂದಿರು. ಮಗಳು ಏಕೋ ಮಂಕಾಗಿದ್ದಾಳೆಂದು ಕಂಡರೆ, ಗದರಿಸುವ ಮುನ್ನ ವೈದ್ಯರಿಗೆ ತೋರಿಸಿರಿ. ಉಪಾಧ್ಯಾಯಿನಿಯರಾದ ನಾವೂ ಹಾಗೆಯೇ ನಡೆಯುವೆವು.