ಕರ್ನಲ್ ಇಲಾನ್ ರಮೋನ್ (1954–2003): ಇಸ್ರೇಲಿನ ಪ್ರಥಮ ಗಗನಯಾತ್ರಿ

2003ರ ಫೆಬ್ರುವರಿ 1ರಂದು ಸಂಭವಿಸಿದ ಕೊಲಂಬಿಯಾ ಗಗನನೌಕೆಯ ದುರಂತದಲ್ಲಿ ಭಾರತ ಸಂಜಾತೆ ಡಾ. ಕಲ್ಪನಾ ಚಾವ್ಲಾ ಅವರೊಂದಿಗೆ ಇನ್ನೂ ಆರು ಮಂದಿ ಗಗನಯಾತ್ರಿಗಳು ಅಸುನೀಗಿದರು. ಅವರಲ್ಲಿ ಕರ್ನಲ್ ಇಲಾನ್ ರಮೋನ್ ಅವರೂ ಒಬ್ಬರು. ಯೆಹೂದಿ ಸಮುದಾಯಕ್ಕೆ ಸೇರಿದ ಜುಡಿತ್ ರೆಸ್ನಿಕ್ ಮುಂತಾದ ಅಮೆರಿಕದ ಗಗನಯಾತ್ರಿಗಳು ಇವರಿಗಿಂತ ಮೊದಲೇ ಬಾಹ್ಯಾಕಾಶಕ್ಕೆ ತೆರಳಿದ್ದರು. ಆದರೆ ಇಸ್ರೇಲ್ ದೇಶದ ಪ್ರಜೆಯೊಬ್ಬರು ಬಾಹ್ಯಾಕಾಶವನ್ನು ತಲುಪಿದ್ದು ಇದೇ ಪ್ರಥಮ. ಬಾಳುವ ಅವಕಾಶವನ್ನೇ ಕಳೆದುಕೊಂಡವರ ನೆನಪನ್ನು ತಮ್ಮೊಡನೆ ಆಕಾಶಕ್ಕೆ ಕೊಂಡೊಯ್ದವರೆಂಬುದು ಇವರ ವಿಶೇಷತೆ. ಯುವ ಓದುಗರ ತಿಳಿವಳಿಕೆಗಾಗಿ ಇವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಇಲಾನ್ ಅವರು 1954ರ ಜೂನ್ 20ರಂದು ಇಸ್ರೇಲಿನ ಟೆಲ್ ಅವೀವ್ ನಗರದ ಸಮೀಪದಲ್ಲಿರುವ ರಮತ್ ಗನ್ ಎಂಬಲ್ಲಿ ಜನಿಸಿದರು. ಇವರ ಮೂಲ ಕುಟುಂಬನಾಮ ವೋಲ್ಫರ್‌ಮನ್. ತಂದೆಯ ಕುಟುಂಬವು ನಾಜಿ ಆಡಳಿತದ ಕಾಲದಲ್ಲಿ ಜರ್ಮನಿಯನ್ನು ತೊರೆದು ಬಂದಿತ್ತು. ಪೋಲೆಂಡ್ ಮೂಲದ ತಾಯಿ ಎರಡನೆಯ ಮಹಾಯುದ್ಧದ ಸಮಯದಲ್ಲಿ ಆಶ್‌ವಿಟ್ಜ್ ಸೆರೆಶಿಬಿರದ ಯಾತನೆಯನ್ನು ಅನುಭವಿಸಿ ಬದುಕುಳಿದವರು. ಆ ಯುದ್ಧದ ಅವಧಿಯಲ್ಲಿ ಸುಮಾರು 60 ಲಕ್ಷ ಯೆಹೂದಿಗಳು ಹತರಾದರು. ಬದುಕುಳಿದವರ ಮನೆಯಲ್ಲಿ ಬೆಳೆದ ಇಲಾನ್ ಅವರಿಗೆ ಈ ಇತಿಹಾಸವು ಕೇವಲ ಪಠ್ಯಪುಸ್ತಕದ ವಿಷಯವಾಗಿರಲಿಲ್ಲ.

ನೆಗೆವ್ ಮರುಭೂಮಿಯ ಅಂಚಿನಲ್ಲಿರುವ ಬೀರ್‌ಷೇಬಾ ಪಟ್ಟಣದಲ್ಲಿ ಇವರ ಬಾಲ್ಯವು ಕಳೆಯಿತು. 1972ರಲ್ಲಿ ಪ್ರೌಢಶಿಕ್ಷಣವನ್ನು ಪೂರ್ಣಗೊಳಿಸಿದರು.

ವಾಯುಪಡೆಯ ಸೇವೆ ಮತ್ತು ಉನ್ನತ ಶಿಕ್ಷಣ

ವಾಯುಪಡೆಯನ್ನು ಸೇರಿದ ನಂತರ ಇವರು ರಮೋನ್ ಎಂಬ ಹೀಬ್ರೂ ಕುಟುಂಬನಾಮವನ್ನು ಸ್ವೀಕರಿಸಿದರು. 1974ರಲ್ಲಿ ಯುದ್ಧವಿಮಾನದ ಚಾಲಕರಾಗಿ ತರಬೇತಿಯನ್ನು ಮುಗಿಸಿದರು. 1980ರಲ್ಲಿ ಎಫ್-16 ವಿಮಾನಗಳನ್ನು ಇಸ್ರೇಲಿನಲ್ಲಿ ಬಳಕೆಗೆ ತಂದ ಮೊದಲ ತಂಡದಲ್ಲಿ ಇವರಿದ್ದರು. 1981ರ ಜೂನ್ 7ರಂದು ಇರಾಕಿನ ಪರಮಾಣು ಸ್ಥಾವರದ ಮೇಲೆ ಇಸ್ರೇಲ್ ನಡೆಸಿದ ದಾಳಿಯಲ್ಲಿ ಭಾಗವಹಿಸಿದ ಚಾಲಕರ ಪೈಕಿ ಇವರೇ ಅತ್ಯಂತ ಕಿರಿಯರು. ಆ ದಾಳಿಯನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಖಂಡಿಸಿತ್ತು.

ಸೇವೆಯ ನಡುವೆಯೇ ವ್ಯಾಸಂಗವನ್ನು ಮುಂದುವರಿಸಿ, 1987ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾನಿಲಯದಿಂದ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್ ಪದವಿಯನ್ನು ಪಡೆದರು. 1994ರಲ್ಲಿ ಕರ್ನಲ್ ಹುದ್ದೆಗೆ ಬಡ್ತಿ ಹೊಂದಿದರು.

ಗಗನಯಾತ್ರಿಯಾಗಿ ಆಯ್ಕೆ

1997ರಲ್ಲಿ ಇವರನ್ನು ಗಗನಯಾನಕ್ಕೆ ಆಯ್ಕೆ ಮಾಡಲಾಯಿತು. 1998ರ ಜುಲೈ ತಿಂಗಳಲ್ಲಿ ಪತ್ನಿ ರೋನಾ ಹಾಗೂ ನಾಲ್ವರು ಮಕ್ಕಳೊಂದಿಗೆ ಅಮೆರಿಕದ ಹ್ಯೂಸ್ಟನ್ ನಗರಕ್ಕೆ ತೆರಳಿ, ಅಲ್ಲಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ತರಬೇತಿಯನ್ನು ಆರಂಭಿಸಿದರು. ಯಾನವು ಹಲವು ಬಾರಿ ಮುಂದೂಡಲ್ಪಟ್ಟಿತು. ನಾಲ್ಕು ವರ್ಷಗಳಿಗೂ ಮೀರಿದ ಈ ಕಾಯುವಿಕೆಯಲ್ಲಿ ಇವರು ಅಭ್ಯಾಸವನ್ನು ನಿಲ್ಲಿಸಲಿಲ್ಲ.

ದೈನಂದಿನ ಜೀವನದಲ್ಲಿ ಇವರು ಕಟ್ಟುನಿಟ್ಟಾದ ಧಾರ್ಮಿಕ ಆಚರಣೆಗಳನ್ನು ಪಾಲಿಸುತ್ತಿದ್ದವರಲ್ಲ. ಆದರೂ ಬಾಹ್ಯಾಕಾಶದಲ್ಲಿ ತಾವು ಸಮಸ್ತ ಯೆಹೂದಿ ಜನರ ಪ್ರತಿನಿಧಿಯೆಂದು ಭಾವಿಸಿ, ಯೆಹೂದಿ ಆಹಾರ ನಿಯಮಗಳಿಗೆ ಅನುಗುಣವಾದ ಊಟವನ್ನೇ ಕೋರಿದರು. ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನವು ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆ. ಸುಮಾರು 90 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುವ ನೌಕೆಯಲ್ಲಿ ದಿನಕ್ಕೆ ಸುಮಾರು ಹದಿನಾರು ಸೂರ್ಯಾಸ್ತಗಳಾಗುವುದರಿಂದ, ಯಾವುದನ್ನು ಎಣಿಸಬೇಕೆಂಬ ಪ್ರಶ್ನೆ ಎದುರಾಯಿತು. ಭೂಮಿಯ ಮೇಲಿನ ಒಂದು ನಿಗದಿತ ಸ್ಥಳದ ಗಡಿಯಾರವನ್ನು ಅನುಸರಿಸಬಹುದೆಂದು ಧರ್ಮಪಂಡಿತರು ಸಲಹೆ ನೀಡಿದರು.

ಜೊತೆಯಲ್ಲಿ ಒಯ್ದ ವಸ್ತುಗಳು

ಇವರು ಕೊಂಡೊಯ್ದ ವಸ್ತುಗಳಲ್ಲಿ ಒಂದು ಚಿತ್ರದ ಪ್ರತಿಯೂ ಇತ್ತು. ಚಂದ್ರನ ಬೆಟ್ಟಗಳ ಮೇಲಿಂದ ಭೂಮಿಯು ಕಾಣುವ ಬಗೆಯನ್ನು ಅದರಲ್ಲಿ ಚಿತ್ರಿಸಲಾಗಿತ್ತು. ಅದನ್ನು ರಚಿಸಿದವನು ಪ್ರಾಗ್ ನಗರದ ಪೀಟರ್ ಗಿನ್ಜ್ ಎಂಬ ಬಾಲಕ. ತೆರೆಜಿನ್ ಶಿಬಿರದಲ್ಲಿ ಬಂಧಿಯಾಗಿದ್ದಾಗಲೂ ಆತ ತನ್ನ ಓರಗೆಯವರೊಡನೆ ಕೈಬರಹದ ಪತ್ರಿಕೆಯೊಂದನ್ನು ನಡೆಸುತ್ತಿದ್ದನು. 1944ರಲ್ಲಿ, ತನ್ನ 16ನೆಯ ವಯಸ್ಸಿನಲ್ಲಿ, ಆತ ಆಶ್‌ವಿಟ್ಜ್‌ನಲ್ಲಿ ಕೊಲ್ಲಲ್ಪಟ್ಟನು.

ಮತ್ತೊಂದು, ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾದ ತೋರಾ ಧರ್ಮಗ್ರಂಥದ ಸುರುಳಿ. ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಧರ್ಮಗುರುವೊಬ್ಬರು ಯೋಆಕಿಮ್ ಜೋಸೆಫ್ ಎಂಬ ಬಾಲಕನಿಗೆ ಗುಟ್ಟಾಗಿ ಪಾಠ ಹೇಳಿ, ಅಲ್ಲಿ ನಡೆದುದನ್ನು ಮುಂದೆ ಜಗತ್ತಿಗೆ ತಿಳಿಸಬೇಕೆಂಬ ಮಾತನ್ನು ಪಡೆದು ಅದನ್ನು ಒಪ್ಪಿಸಿದ್ದರು. ಧರ್ಮಗುರು ಅಲ್ಲಿಯೇ ಮೃತಪಟ್ಟರು. ಬದುಕುಳಿದ ಬಾಲಕ ಮುಂದೆ ಭೌತವಿಜ್ಞಾನಿಯಾಗಿ, ರಮೋನ್ ಅವರು ಕೈಗೊಂಡ ಧೂಳಿನ ಪ್ರಯೋಗದ ಮಾರ್ಗದರ್ಶಕರಲ್ಲಿ ಒಬ್ಬರಾದರು. ಅವರ ಮನೆಯಲ್ಲಿ ಆ ಸುರುಳಿಯನ್ನು ಕಂಡ ರಮೋನ್ ಅವರು ಅದನ್ನು ಕೇಳಿ ಪಡೆದರು. ಯಾನದ ಅವಧಿಯಲ್ಲಿ ಅದನ್ನು ದೂರದರ್ಶನದ ನೇರ ಪ್ರಸಾರದಲ್ಲಿ ತೋರಿಸಿದರು. ಸುಮಾರು ಆರು ದಶಕಗಳ ಹಿಂದೆ ನೀಡಿದ ಮಾತು ಹೀಗೆ ನೆರವೇರಿತು.

ಕೊಲಂಬಿಯಾ ಯಾನ

2003ರ ಜನವರಿ 16ರಂದು ಫ್ಲಾರಿಡಾದಿಂದ ನೌಕೆಯು ಮೇಲೇರಿತು. ದಿನದ 24 ಗಂಟೆಯೂ ಕೆಲಸ ನಡೆಯುವಂತೆ ಏಳು ಮಂದಿಯನ್ನು ಎರಡು ಪಾಳಿಗಳಾಗಿ ವಿಂಗಡಿಸಲಾಗಿತ್ತು. ರಮೋನ್ ಮತ್ತು ಕಲ್ಪನಾ ಚಾವ್ಲಾ ಒಂದೇ ಪಾಳಿಯಲ್ಲಿದ್ದರು. ಯಾನದಲ್ಲಿ ಒಟ್ಟು ಸುಮಾರು 80 ಪ್ರಯೋಗಗಳು ನಡೆದವು.

ಮರುಭೂಮಿಯಿಂದ ಮೇಲೇಳುವ ಧೂಳು ಮೋಡ, ಮಳೆ ಮತ್ತು ಹವಾಮಾನದ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬುದನ್ನು ಅರಿಯಲು ವಿಶೇಷ ಕ್ಯಾಮರಾಗಳಿಂದ ಚಿತ್ರ ತೆಗೆಯುವುದು ರಮೋನ್ ಅವರ ಮುಖ್ಯ ಹೊಣೆಯಾಗಿತ್ತು. ಗುಡುಗುಮೋಡಗಳ ಮೇಲ್ಭಾಗದಲ್ಲಿ ಕ್ಷಣಕಾಲ ಹೊಳೆದು ಮರೆಯಾಗುವ ಅಪರೂಪದ ಬೆಳಕುಗಳನ್ನೂ ಸೆರೆಹಿಡಿಯಲಾಯಿತು. ಈ ಮಾಹಿತಿಯ ಗಣನೀಯ ಭಾಗವು ದುರಂತಕ್ಕೆ ಮುನ್ನವೇ ಭೂಮಿಗೆ ರವಾನೆಯಾಗಿದ್ದುದರಿಂದ ವಿಜ್ಞಾನಿಗಳಿಗೆ ಲಭ್ಯವಾಯಿತು. ವಿವಿಧ ದೇಶಗಳ ಶಾಲಾ ಮಕ್ಕಳು ರೂಪಿಸಿದ ಪ್ರಯೋಗಗಳೂ ನೌಕೆಯಲ್ಲಿದ್ದವು. ಇರುವೆ, ಜೇಡ, ರೇಷ್ಮೆಹುಳು, ಜೇನ್ನೊಣ ಮತ್ತು ಮೀನುಗಳ ಜೊತೆಗೆ ಇಸ್ರೇಲಿ ವಿದ್ಯಾರ್ಥಿಗಳ ಹರಳು ಬೆಳೆಸುವ ಪ್ರಯೋಗವೂ ಇವುಗಳಲ್ಲಿ ಸೇರಿತ್ತು.

ದುರಂತ ಮತ್ತು ಅದರ ಕಾರಣ

ಉಡಾವಣೆಯಾದ ಸುಮಾರು 82 ಸೆಕೆಂಡುಗಳಲ್ಲಿ ಹೊರಗಿನ ಇಂಧನ ತೊಟ್ಟಿಯಿಂದ ಉಷ್ಣನಿರೋಧಕ ನೊರೆಯ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿದಿತ್ತು. ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ಆ ರಂಧ್ರದ ಮೂಲಕ ಅತ್ಯುಷ್ಣ ಅನಿಲವು ಒಳನುಗ್ಗಿತು. ಭೂಸ್ಪರ್ಶಕ್ಕೆ ಸುಮಾರು 16 ನಿಮಿಷಗಳು ಉಳಿದಿರುವಾಗ, 60 ಕಿಲೋಮೀಟರ್‌ಗಳಷ್ಟು ಎತ್ತರದಲ್ಲಿ, ನೌಕೆಯು ಛಿದ್ರವಾಯಿತು. ರಮೋನ್ ಅವರಿಗೆ ಆಗ 48 ವರ್ಷ. ಅದೇ ದಿನ ಪೀಟರ್ ಗಿನ್ಜ್‌ನ 75ನೆಯ ಜನ್ಮದಿನವೂ ಆಗಿತ್ತು.

ರೆಕ್ಕೆಯ ಚಿತ್ರ ತೆಗೆಸಿ ಪರಿಶೀಲಿಸಬೇಕೆಂದು ಎಂಜಿನಿಯರುಗಳು ಮಾಡಿದ ಕೋರಿಕೆಯು ಈಡೇರಿರಲಿಲ್ಲವೆಂದು ತನಿಖಾ ಮಂಡಳಿಯು 2003ರ ಆಗಸ್ಟ್ ತಿಂಗಳ ವರದಿಯಲ್ಲಿ ತಿಳಿಸಿತು. ಸಂಸ್ಥೆಯ ಕಾರ್ಯವೈಖರಿಯಲ್ಲಿನ ಲೋಪಗಳೂ ದುರಂತಕ್ಕೆ ಕಾರಣವೆಂದು ಹೇಳಿತು.

ಉಳಿದುಬಂದ ಬರಹಗಳು

ತೋರಾ ಸುರುಳಿಯು ಯಾನದಲ್ಲಿಯೇ ನಾಶವಾಯಿತು. ಆದರೆ ಸುಮಾರು ಎರಡು ತಿಂಗಳುಗಳ ನಂತರ ಟೆಕ್ಸಾಸ್ ರಾಜ್ಯದ ಬಯಲಿನಲ್ಲಿ ರಮೋನ್ ಅವರ ದಿನಚರಿಯ 37 ಪುಟಗಳು ದೊರೆತವು. ಬೆಂಕಿಯಿಂದ ಪಾರಾಗಿ, ಗಾಳಿಮಳೆಗೆ ಸಿಲುಕಿದ್ದ ಈ ಪುಟಗಳನ್ನು ಇಸ್ರೇಲಿನ ತಜ್ಞರು ಸಂರಕ್ಷಿಸಿದರು. 2008ರಲ್ಲಿ ಅವುಗಳಲ್ಲಿ ಕೆಲವನ್ನು ಜೆರುಸಲೇಮಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಲಾಯಿತು.

ದುರಂತದ ಸುದ್ದಿಯೊಂದಿಗೆ ಪೀಟರ್ ಗಿನ್ಜ್‌ನ ಚಿತ್ರವೂ ಜಗತ್ತಿನಾದ್ಯಂತ ಪ್ರಚಾರಕ್ಕೆ ಬಂದಿತು. ಇದನ್ನು ಗಮನಿಸಿದ ಪ್ರಾಗ್ ನಗರದ ನಿವಾಸಿಯೊಬ್ಬರು ತಮ್ಮ ಬಳಿಯಿದ್ದ ಹಳೆಯ ಕೈಬರಹಗಳು ಆತನವೇ ಎಂಬುದನ್ನು ಗುರುತಿಸಿದರು. ಹೀಗೆ ಬೆಳಕಿಗೆ ಬಂದ ಆ ಬಾಲಕನ ದಿನಚರಿಯು ನಂತರ ಪುಸ್ತಕರೂಪದಲ್ಲಿ ಪ್ರಕಟವಾಯಿತು.

ಸ್ಮರಣೆ

ರಮೋನ್ ಅವರ ಅಂತ್ಯಸಂಸ್ಕಾರವು ಇಸ್ರೇಲಿನ ನಹಲಾಲ್ ಗ್ರಾಮದಲ್ಲಿ ನೆರವೇರಿತು. ತಂದೆಯಂತೆ ವಾಯುಪಡೆಯನ್ನು ಸೇರಿದ ಹಿರಿಯ ಮಗ ಅಸಾಫ್, 2009ರಲ್ಲಿ ತರಬೇತಿ ಹಾರಾಟದ ವೇಳೆ ಅಪಘಾತದಲ್ಲಿ ಮೃತಪಟ್ಟರು. ಪತ್ನಿ ರೋನಾ ಅವರು ಇಬ್ಬರ ಹೆಸರಿನಲ್ಲಿ ಪ್ರತಿಷ್ಠಾನವನ್ನು ಸ್ಥಾಪಿಸಿ, 2018ರಲ್ಲಿ ನಿಧನರಾಗುವವರೆಗೆ ಯುವಜನರ ಶಿಕ್ಷಣಕ್ಕಾಗಿ ಶ್ರಮಿಸಿದರು. 2019ರಲ್ಲಿ ಆರಂಭವಾದ ದಕ್ಷಿಣ ಇಸ್ರೇಲಿನ ರಮೋನ್ ವಿಮಾನನಿಲ್ದಾಣಕ್ಕೆ ತಂದೆ ಮತ್ತು ಮಗನ ಸ್ಮರಣಾರ್ಥ ಹೆಸರಿಡಲಾಗಿದೆ. ಇವರ ಸಹಯಾತ್ರಿ ಕಲ್ಪನಾ ಚಾವ್ಲಾ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು 2004ರಲ್ಲಿ ಯುವ ಮಹಿಳಾ ವಿಜ್ಞಾನಿಗಳಿಗಾಗಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.

ಚಂದ್ರನನ್ನು ಎಂದೂ ತಲುಪಲಾಗದ ಬಾಲಕನೊಬ್ಬ ಸೆರೆಯಲ್ಲಿ ಕುಳಿತು ಬರೆದ ಚಿತ್ರವನ್ನು, ಆತನ ಮರಣದ ನಂತರ ಹುಟ್ಟಿದ ಮತ್ತೊಬ್ಬರು ಬಾಹ್ಯಾಕಾಶಕ್ಕೆ ತಲುಪಿಸಿದರು. ತಮಗೆ ದೊರೆತ ಅವಕಾಶದಲ್ಲಿ ಅದು ದೊರೆಯದವರಿಗೂ ಪಾಲಿದೆಯೆಂದು ಬಗೆದು ನಡೆದ ಇಲಾನ್ ರಮೋನ್ ಅವರ ಜೀವನವು ಯುವಜನರಿಗೆ ಮಾದರಿಯಾಗಿದೆ.