ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಯಾತ್ರಿಕನ ಚರಿತ್ರೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ದೇಶ ಸುತ್ತಿದವರು ಬಹುಮಂದಿ. ಕೋಶ ಓದಿದವರೂ ಇದ್ದಾರೆ. ಆದರೆ ಸುತ್ತಿದ ದೇಶವನ್ನೇ ಕೋಶವನ್ನಾಗಿ ಮಾಡಿ ಹಿಂದಣಿಂದ ಬರುವವರಿಗಾಗಿ ಬರೆದಿಟ್ಟವರು ವಿರಳ. ಅಂಥ ವಿರಳರಲ್ಲೊಬ್ಬನಾದ ಪಿಯೆತ್ರೊ ದೆಲ್ಲಾ ವಲ್ಲೆಯು 400 ವರ್ಷಗಳ ಹಿಂದೆ ನಮ್ಮ ಕೊಲ್ಲೂರು, ಬಸರೂರುಗಳ ಮಾರ್ಗವಾಗಿ ಹಾದುಹೋದನು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಿಂದ ಬಂದು ನಮ್ಮಲ್ಲಿ ಕಲಿತ ವಿದ್ಯಾರ್ಥಿನಿಯರಿಗೆ ಈತನ ಚರಿತ್ರೆಯು ತಿಳಿದಿರುವುದು ಉಚಿತವೆಂದೆಣಿಸಿ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಪಿಯೆತ್ರೊ 1586ನೆಯ ಇಸವಿಯಲ್ಲಿ ರೋಮ್ ನಗರದ ಒಂದು ಕುಲೀನ ಮನೆತನದಲ್ಲಿ ಹುಟ್ಟಿದನು. ಐಶ್ವರ್ಯಕ್ಕೂ ವಿದ್ಯೆಗೂ ಕೊರತೆಯಿರಲಿಲ್ಲ. ಯೌವನದಲ್ಲಿ ತಾನು ಮೆಚ್ಚಿದ ಕನ್ಯೆಯು ಬೇರೊಬ್ಬನ ಪಾಲಾಗಲು ಆತನಿಗೆ ಜೀವನವೇ ಬೇಸರವಾಯಿತು. ಆಗ ನೇಪಲ್ಸ್ ನಗರದಲ್ಲಿದ್ದ ಮಾರಿಯೊ ಸ್ಕಿಪಾನೊ ಎಂಬ ವೈದ್ಯಮಿತ್ರನು ದುಃಖವನ್ನು ಮನೆಯಲ್ಲಿ ಕುಳಿತು ಬೆಳೆಸುವುದಕ್ಕಿಂತ ಮೂಡಣ ದೇಶಗಳಿಗೆ ಯಾತ್ರೆ ಹೋಗುವುದು ಲೇಸೆಂದು ಬುದ್ಧಿ ಹೇಳಿದನು. ಪಿಯೆತ್ರೊ ಒಪ್ಪಿ, ತನ್ನ ಹೆಸರಿನೊಡನೆ ಯಾತ್ರಿಕನೆಂಬ ಬಿರುದನ್ನು ಸೇರಿಸಿಕೊಂಡು, 1614ನೆಯ ಜೂನ್ ತಿಂಗಳಲ್ಲಿ ವೆನಿಸ್‌ನಿಂದ ಹಡಗನ್ನೇರಿದನು. ಕಂಡುದೆಲ್ಲವನ್ನು ಆ ಮಿತ್ರನಿಗೆ ಪತ್ರಮುಖೇನ ತಿಳಿಸುತ್ತಿರುವೆನೆಂದು ಮಾತು ಕೊಟ್ಟಿದ್ದನು. ಆ ಮಾತನ್ನು ನಡೆಸಿದನು. ಹೀಗೆ ಬರೆದ ಪತ್ರಗಳು 54.

ಯಾತ್ರೆಯು 12 ವರ್ಷ ನಡೆಯಿತು. ಹಡಗು, ಒಂಟೆ, ಕುದುರೆ, ಪಲ್ಲಕ್ಕಿ, ಕಾಲ್ನಡಿಗೆ ಎಲ್ಲವೂ ಆತನಿಗೆ ಸಮ್ಮತವಾಗಿದ್ದವು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ನಿಂತು ತುರ್ಕಿ ಭಾಷೆಯನ್ನು ಕಲಿತನು. ತರುವಾಯ ಐಗುಪ್ತ ದೇಶವನ್ನೂ ಸೀನಾಯಿ ಬೆಟ್ಟವನ್ನೂ ನೋಡಿ, 1616ರಲ್ಲಿ ಯೆರೂಸಲೇಮಿನಲ್ಲಿ ಪುನರುತ್ಥಾನದ ಹಬ್ಬವನ್ನು ಆಚರಿಸಿದನು. ದಮಸ್ಕದಲ್ಲಿ ಸಮಾರ್ಯರ ಪಂಚಗ್ರಂಥದ ಹಸ್ತಪ್ರತಿಯನ್ನು ಕೊಂಡುಕೊಂಡನು. ಅದು ಮುಂದೆ ಪ್ಯಾರಿಸ್‌ನಲ್ಲಿ ಅಚ್ಚಾಗಿ ವೇದಪಂಡಿತರಿಗೆ ಮಹೋಪಕಾರವಾಯಿತು. ಬಾಬೆಲಿನ ಹಾಳುದಿಬ್ಬಗಳಲ್ಲಿ ಅಕ್ಷರವುಳ್ಳ ಇಟ್ಟಿಗೆಗಳನ್ನು ಸಂಗ್ರಹಿಸಿದನು. ಪಾರಸಿಕರ ಹಳೆಯ ರಾಜಧಾನಿಯ ಕಲ್ಲುಗಳ ಮೇಲಿದ್ದ, ಆಗ ಯಾರೂ ಓದಲರಿಯದ ಮೊಳೆಯಾಕಾರದ ಲಿಪಿಯಲ್ಲಿ ಕೆಲವು ಗುರುತುಗಳನ್ನು ನಕಲುಮಾಡಿಕೊಂಡನು. ಹೊಸದನ್ನು ನೋಡಬೇಕೆಂಬ ಹಂಬಲವು ಹೀಗೆ ಒಂದು ಊರಿನಿಂದ ಮತ್ತೊಂದಕ್ಕೆ ಆತನನ್ನು ಎಳೆಯುತ್ತಲೇ ಇತ್ತು.

ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬ ಮೂಡಣ ಕ್ರೈಸ್ತ ಮನೆತನದ ಯುವತಿಯನ್ನು ಮದುವೆಯಾದನು. ಆಕೆಯು ಬುದ್ಧಿವಂತೆ, ಧೈರ್ಯಶಾಲಿನಿ. ಗಂಡನೊಡನೆ ಪಾರಸಿಕ ದೇಶವನ್ನೆಲ್ಲ ಸುತ್ತಿದಳು. ಹಿಂದೂಸ್ಥಾನಕ್ಕೆ ಹಡಗನ್ನು ಹುಡುಕುತ್ತ ಕಡಲ ತೀರಕ್ಕೆ ಬಂದಾಗ ಜ್ವರಕ್ಕೆ ತುತ್ತಾಗಿ, 1621ನೆಯ ದಶಂಬರ 30ರಂದು, 23ನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಆಕೆಯನ್ನು ಒಂಟಿಯಾಗಿ ಬಿಟ್ಟುಹೋಗಲು ಪಿಯೆತ್ರೊಗೆ ಮನಸ್ಸಾಗಲಿಲ್ಲ. ಶರೀರವನ್ನು ಕೆಡದಂತೆ ಸುಗಂಧದ್ರವ್ಯಗಳಿಂದ ಸಿದ್ಧಪಡಿಸಿ ಪೆಟ್ಟಿಗೆಯಲ್ಲಿಟ್ಟು, ಉಳಿದ ಯಾತ್ರೆಯುದ್ದಕ್ಕೂ ಜತೆಯಲ್ಲಿಯೇ ಒಯ್ದನು. ಆಕೆಯ ಆಶ್ರಯದಲ್ಲಿದ್ದ ಮಾರಿಯೂಚಾ ಎಂಬ ಅನಾಥ ಬಾಲೆಯನ್ನೂ ಕೈಬಿಡಲಿಲ್ಲ.

1623ರಲ್ಲಿ ಆತನು ಸೂರತ್ತಿನಲ್ಲಿ ಇಳಿದು ಗೋವೆಗೆ ಬಂದನು. ಅದೇ ವರ್ಷ ಪೋರ್ಚುಗೀಸರ ರಾಯಭಾರಿಯೊಬ್ಬನು ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿ ಆಸ್ಥಾನಕ್ಕೆ ಹೊರಡಲು ಪಿಯೆತ್ರೊ ಅವನ ಜತೆಗೂಡಿದನು. ಹೊನ್ನಾವರದಿಂದ ಹೊಳೆಯ ದಾರಿಯಾಗಿ ಗೇರುಸೊಪ್ಪೆಗೆ ಬಂದು ಅಲ್ಲಿಂದ ಘಟ್ಟವನ್ನು ಹತ್ತಿದರು. ಆ ಪ್ರಯಾಣದಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಆತನು ಕಂಡನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಪಾಠವನ್ನು ರಾಗವಾಗಿ ಒಟ್ಟಾಗಿ ಹೇಳುತ್ತ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ನೆಲವು ತುಂಬಿದರೆ ಹೊಸ ಮರಳನ್ನು ಚೆಲ್ಲುವರು. ಗುರುಗಳು ಹತ್ತಿರವಿರಲಿಲ್ಲ, ಒಬ್ಬನು ಮರೆತರೆ ಉಳಿದವರಲ್ಲಿ ಯಾರಾದರೂ ತಿದ್ದುವರು, ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪುವುದು ಸಂಭವವಲ್ಲವೆಂಬುದು ಅವರ ಧೈರ್ಯ. ರಾಯಭಾರಗಳ ಪ್ರಯಾಣದಲ್ಲಿ ಇಂಥ ಸಣ್ಣ ಸಂಗತಿಯನ್ನು ಬರೆದಿಡುವವರು ಯಾರು? ಐಗಳ ಮಠಗಳ ಮರಳಿನ ಅಕ್ಷರವನ್ನು ಹಿರಿಯರಿಂದ ಕೇಳಿ ಬಲ್ಲ ನಮಗೆ ಆ ಪುಟವು ಅಮೂಲ್ಯವಾಗಿದೆ. ಆ್ಯಂಡ್ರೂ ಬೆಲ್ ಎಂಬವರು ಮರಳ ಮೇಲೆ ಬರೆಯಿಸುವ, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನು ಮದರಾಸಿನಲ್ಲಿ ನಡೆಸಿ 1797ರಲ್ಲಿ ಇಂಗ್ಲೆಂಡಿಗೆ ತಿಳಿಯಪಡಿಸಿದರೆಂದು ಶಿಕ್ಷಕಿಯರ ತರಬೇತಿಯಲ್ಲಿ ಓದುತ್ತೇವೆ. ಅದಕ್ಕಿಂತ 170ಕ್ಕೂ ಹೆಚ್ಚು ವರ್ಷ ಮೊದಲೇ ಈ ಯಾತ್ರಿಕನು ಅದನ್ನು ನಮ್ಮ ಸೀಮೆಯಲ್ಲಿ ಕಂಡಿದ್ದನು.

ಇಕ್ಕೇರಿಯಲ್ಲಿ ಮನಕರಗುವ ಮತ್ತೊಂದು ಸಂಗತಿಯು ನಡೆಯಿತು. ಗಂಡನನ್ನು ಕಳೆದುಕೊಂಡು ಸಹಗಮನಕ್ಕೆ ಸಂಕಲ್ಪ ಮಾಡಿದ ತೆಲುಗು ಸ್ತ್ರೀಯೊಬ್ಬಳನ್ನು ವಾದ್ಯಘೋಷದೊಡನೆ ಬೀದಿಯಲ್ಲಿ ಮೆರೆಸುತ್ತಿದ್ದರು. ಪಿಯೆತ್ರೊ ನೋಡಿ ಸುಮ್ಮನಾಗಲಿಲ್ಲ. ಆಕೆಯ ಮನೆಗೆ ಹೋಗಿ ಮಾತನಾಡಿಸಿದನು. ಎಳೆಯ ಮಕ್ಕಳಿದ್ದಾರೆಂದು ನೆನಪುಕೊಟ್ಟು ತಡೆಯಲು ಯತ್ನಿಸಿದನು. ಆಕೆಯ ನಿಶ್ಚಯವು ಕದಲಲಿಲ್ಲ. ಆಗ ಆತನು ಆಕೆಯ ಹೆಸರನ್ನು ಕೇಳಿಕೊಂಡು, ತನ್ನ ಲೇಖನಿಯಿಂದಾಗುವಷ್ಟು ಅದನ್ನು ಲೋಕದಲ್ಲಿ ಉಳಿಸುವೆನೆಂದು ಮಾತು ಕೊಟ್ಟನು. ಆತನ ಕಿವಿಗೆ ಬಿದ್ದ ರೂಪದಲ್ಲಿ ಆ ಹೆಸರು ಜಕ್ಕಮ್ಮ. ಸಹಗಮನಕ್ಕೆ ಹೋದ ಎಷ್ಟೋ ಸ್ತ್ರೀಯರು ಹೆಸರಿಲ್ಲದ ಮಾಸ್ತಿಕಲ್ಲುಗಳಾಗಿ ನಿಂತಿರುವಲ್ಲಿ ಈಕೆಯೊಬ್ಬಳ ಹೆಸರು ಪರದೇಶದ ಪುಸ್ತಕದಲ್ಲಿ ಉಳಿದುಬಂತು.

ಇಕ್ಕೇರಿಯಿಂದ ರಾಯಭಾರಿಯ ಜತೆ ಬಿಟ್ಟು ಘಟ್ಟವಿಳಿದು ಕೊಲ್ಲೂರಿಗೆ ಬಂದನು. ಯಾತ್ರಿಕರು ಸೇರುವ ಅಲ್ಲಿನ ದೊಡ್ಡ ದೇವಾಲಯವನ್ನು ಕುರಿತು ಬರೆದನು. ಅಲ್ಲಿಂದ ಬಸರೂರಿಗೆ. ಈಗ ಕುಂದಾಪುರದ ಮಗ್ಗುಲಲ್ಲಿ ಶಾಂತವಾಗಿ ಮಲಗಿರುವ ಈ ಗ್ರಾಮವು ಅಂದು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರು. ಪೋರ್ಚುಗೀಸರ ವಶದಲ್ಲಿದ್ದ ಕೆಳಗಿನ ಬಸರೂರು, ನಾಯಕನ ಆಳ್ವಿಕೆಯಲ್ಲಿದ್ದ ಮೇಲಿನ ಬಸರೂರು ಎಂಬೆರಡನ್ನೂ ಆತನು ಬೇರೆಬೇರೆಯಾಗಿ ವರ್ಣಿಸಿದ್ದಾನೆ. ಮುಂದೆ ಕಡಲ ದಾರಿಯಲ್ಲಿ, ಬ್ರಹ್ಮಾವರದ ಸೀಮೆಯನ್ನು ಎಡಕ್ಕೆ ಬಿಟ್ಟು, ಮಂಗಳೂರನ್ನು ಸೇರಿದನು.

ಉಳ್ಳಾಲದ ರಾಣಿಯನ್ನು ಕಾಣಬೇಕೆಂಬುದು ಆತನ ಅಲ್ಲಿನ ಅಪೇಕ್ಷೆ. ಒಳನಾಡಿನ ಮಣೇಲಕ್ಕೆ ಹೋದಾಗ ಆಕೆಯು ಸಿಂಹಾಸನದಲ್ಲಿ ಕುಳಿತಿರಲಿಲ್ಲ. ಗದ್ದೆಗಳಿಗೆ ನೀರು ಹಾಯಿಸುವ ತೋಡುಗಳ ಕೆಲಸವನ್ನು ನೋಡಲು ಬರಿಗಾಲಿನಲ್ಲಿ ನಡೆಯುತ್ತಿದ್ದಳು. ಉಡುಗೆಯು ಒರಟು ಹತ್ತಿಯ ಬಟ್ಟೆ. ನೆರಳಿಗೆ ಗರಿಯ ಕೊಡೆ. ನೋಟಕ್ಕೆ ಅಡಿಗೆಯ ಆಳಿನಂತೆ ತೋರಿದಳೆಂದು ಬರೆದ ಆ ಕುಲೀನನೇ, ಆಕೆಯು ದುಭಾಷಿಯ ಮೂಲಕ ತನ್ನ ಯಾತ್ರೆಯನ್ನು ವಿಚಾರಿಸಿದ ರೀತಿಯನ್ನು ಕೇಳಿ, ಮಾತಿನಲ್ಲಿ ಈಕೆ ರಾಣಿಯೇ ಸರಿ ಎಂದು ಒಪ್ಪಿಕೊಂಡನು. ಪರದೇಶಿಯ ತಾತ್ಸಾರವು ಆತನ ಬರಹದಲ್ಲಿ ಅಲ್ಲಲ್ಲಿ ಇಲ್ಲದಿಲ್ಲ. ಆದರೂ ಕಣ್ಣು ತಪ್ಪಿದ್ದನ್ನು ಕಿವಿಯಿಂದ ತಿದ್ದಿಕೊಳ್ಳುವ ಪ್ರಾಮಾಣಿಕತೆಯು ಆತನಲ್ಲಿತ್ತು.

1624ರಲ್ಲಿ ಗೋವೆಯಿಂದ ಹೊರಟು, ಮರುಭೂಮಿಯನ್ನು ದಾಟಿ, 1626ರ ಮಾರ್ಚಿಯಲ್ಲಿ ರೋಮನ್ನು ಸೇರಿ, ಮಾನಿಯ ಶರೀರವನ್ನು ತನ್ನ ಕುಲದ ಸಮಾಧಿಯಲ್ಲಿರಿಸಿದನು. ಮುಂದೆ ಮಾರಿಯೂಚಾಳನ್ನು ವಿವಾಹವಾಗಿ ಬಹು ಮಕ್ಕಳ ತಂದೆಯಾದನು. ಪತ್ರಗಳ ಮೊದಲನೆಯ ಭಾಗವು 1650ರಲ್ಲಿ ಅಚ್ಚಾಯಿತು. 1652ರಲ್ಲಿ ಆತನು ನಿಧನಹೊಂದಿದನು. ನಮ್ಮ ನಾಡಿನ ವೃತ್ತಾಂತವುಳ್ಳ ಭಾಗವು ಹೊರಬಂದುದು 1663ರಲ್ಲಿ. ಅದನ್ನು ಆತನು ಕಾಣಲಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಈ ಚರಿತ್ರೆಯಲ್ಲಿ ನಮ್ಮನ್ನು ಚಿಂತೆಗೀಡುಮಾಡುವ ಸಂಗತಿಯೊಂದಿದೆ. ಮಾನಿ, ಜಕ್ಕಮ್ಮ, ತೋಡಿನ ಬದಿಯಲ್ಲಿ ನಡೆದ ರಾಣಿ, ಈ ಮೂವರನ್ನೂ ನಾವು ಒಬ್ಬ ಪುರುಷನ ಲೇಖನಿಯಿಂದ ಬಲ್ಲೆವಲ್ಲದೆ ಅವರ ಸ್ವಹಸ್ತದ ಒಂದು ಸಾಲೂ ನಮ್ಮ ಕೈಸೇರಿಲ್ಲ. ಅವರು ಪಿಯೆತ್ರೊನನ್ನು ಕುರಿತು ಏನೆಂದುಕೊಂಡರೋ! ಈಗ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಲೇಖನಿಯಿದೆ. ಕೆಲವರು ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಹೋಗಿ ನೆಲಸಿದ್ದಾರೆ. ಕೆಲವರು ಗಂಗೊಳ್ಳಿಯ ದಡದಲ್ಲಿಯೇ ಸಂಸಾರ ನಡೆಸುತ್ತಿದ್ದಾರೆ. ಎಲ್ಲಿದ್ದರೇನು? ಕಂಡುದನ್ನು, ಕೇಳಿದ ಹೆಸರುಗಳನ್ನು, ಅಜ್ಜಿಯರು ಹೇಳುವ ಮಾತುಗಳನ್ನು ಆಗಿಂದಾಗ್ಗೆ ಬರೆದಿಡಿರಿ. ತಾಯಿತಂದೆಗಳು ರಜೆಯಲ್ಲಿ ಮಗಳನ್ನು ಬಸರೂರಿಗೋ ಕೊಲ್ಲೂರಿಗೋ ಕರೆದೊಯ್ಯುವಾಗ ಬುತ್ತಿಯೊಡನೆ ಒಂದು ಬರೆಯುವ ಪುಸ್ತಕವನ್ನೂ ಕಟ್ಟಿಕೊಡಲೆಂದು ನಮ್ಮ ವಿಜ್ಞಾಪನೆ.