ಸಸಾರಜನಕದ ಮಡಿಕೆಗಳನ್ನು ಅಳೆದ ಮಹನೀಯ: ಜಿ. ಎನ್. ರಾಮಚಂದ್ರನ್

ಸರ್ ಸಿ. ವಿ. ರಾಮನ್ ಅವರ ಹೆಸರನ್ನು ಅರಿಯದ ಕನ್ನಡ ಮನೆಗಳು ವಿರಳ. ಆದರೆ ಅವರ ಶಿಷ್ಯರಲ್ಲಿ ಅಗ್ರಗಣ್ಯರಾದ, ಬೆಂಗಳೂರಿನಲ್ಲಿ ಕಲಿತು ಮುಂದೆ ಅದೇ ಊರಿನಲ್ಲಿ ಹೊಸದೊಂದು ವಿಭಾಗವನ್ನೇ ಕಟ್ಟಿದ ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಅವರನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಜಗತ್ತಿನ ಯಾವ ಜೀವರಸಾಯನಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದರೂ ಅವರ ಹೆಸರಿನ ನಕ್ಷೆಯೊಂದು ಕಣ್ಣಿಗೆ ಬೀಳುತ್ತದೆ.

ರಾಮಚಂದ್ರನ್ ಜನಿಸಿದ್ದು 1922ರ ಅಕ್ಟೋಬರ್ 8ರಂದು, ಅಂದಿನ ಕೊಚ್ಚಿ ಸಂಸ್ಥಾನದ ಎರ್ನಾಕುಲದಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು ಮುಂದೆ ಪ್ರಾಂಶುಪಾಲರೂ ಆದವರು. ಮನೆಯೇ ಗಣಿತಶಾಲೆಯಾಗಿದ್ದ ಬಾಲಕನಿಗೆ ಲೆಕ್ಕವೆಂಬುದು ಆಟವಾಗಿದ್ದುದು ಸಹಜವೇ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿ, 1942ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಸೇರಿದ್ದು ವಿದ್ಯುತ್ ಇಂಜಿನಿಯರಿಂಗ್ ವಿಭಾಗಕ್ಕೆ. ಈ ಹುಡುಗ ಆ ವಿಭಾಗಕ್ಕೆ ಅತಿಯಾಯಿತೆಂದು ರಾಮನ್ ಅವರೇ ಅಲ್ಲಿಯ ಮುಖ್ಯಸ್ಥರಿಗೆ ತಿಳಿಸಿ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಎಳೆದುಕೊಂಡರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ಕೇಂಬ್ರಿಜ್‌ನಲ್ಲಿ ಎರಡು ವರ್ಷ ಕಳೆದು, ಡಾಕ್ಟರೇಟ್ ಪಡೆದು 1949ರಲ್ಲಿ ಬೆಂಗಳೂರಿಗೆ ಮರಳಿದ ಅವರನ್ನು 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ತನ್ನ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರನ್ನಾಗಿ ಕರೆಸಿಕೊಂಡಿತು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲವೆಂದರೆ ನಂಬುವುದು ಕಷ್ಟ. ಅಲ್ಲಿಗೆ ಭೇಟಿಯಿತ್ತ ಬ್ರಿಟಿಷ್ ವಿಜ್ಞಾನಿ ಬರ್ನಾಲ್, ಕಾಲಜನ್ನಿನ ರಚನೆ ಇನ್ನೂ ಬಿಡಿಸದ ಒಗಟಾಗಿಯೇ ಉಳಿದಿದೆಯೆಂದು ಸೂಚಿಸಿದರು. ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಕಟ್ಟಿ ಹಿಡಿಯುವ ಸಸಾರಜನಕವೇ ಈ ಕಾಲಜನ್. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಇದೇ ಆಗಿದೆ.

ಆಸ್ಟ್ರೇಲಿಯಾದ ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಕ್ಷ-ಕಿರಣ ಹಾಯಿಸಿ ಪಡೆದ ಚಿತ್ರಗಳನ್ನು ಮುಂದಿಟ್ಟುಕೊಂಡು, ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ 1954ರಲ್ಲಿ ಕಾಲಜನ್ ಮೂರು ಎಳೆಗಳ ಸುರುಳಿಯೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಸರಪಳಿಯಲ್ಲಿ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ. ಮೂರು ಎಳೆಗಳು ಒಳಗೆ ಒತ್ತಾಗಿ ಕೂಡಲು ಅಷ್ಟೇ ಜಾಗವಿರುವುದು. ಮರುವರ್ಷ ಮೂರೂ ಎಳೆಗಳು ಮತ್ತೆ ಒಂದನ್ನೊಂದು ಸುತ್ತಿಕೊಂಡಿರುವುದನ್ನೂ ತೋರಿಸಿದರು. ನಮ್ಮ ಅಜ್ಜಿಯರು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಕೀರ್ತಿ ಸುಲಭವಾಗಿ ದಕ್ಕಲಿಲ್ಲ. ಅದೇ 1955ರಲ್ಲಿ ರಿಚ್ ಮತ್ತು ಕ್ರಿಕ್ ತಮ್ಮದೇ ಮಾದರಿಯನ್ನು ಮುಂದಿಟ್ಟರು. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಸಲ್ಲದಷ್ಟು ಸಮೀಪವಾಗಿವೆ ಎಂಬುದು ಅವರ ಆಕ್ಷೇಪ. ಪ್ರತಿ ಮೂರು ಕೊಂಡಿಗೆ ಎರಡು ಜಲಜನಕ ಬಂಧಗಳೆಂದು ರಾಮಚಂದ್ರನ್ ಹೇಳಿದ್ದರೆ, ಒಂದೇ ಎಂದು ಅವರು ವಾದಿಸಿದರು. ಆ ಒಂದು ಅಂಶದಲ್ಲಿ ನೇರ ಬಂಧ ಒಂದೇ ಎಂಬುದನ್ನು 1994ರ ಸ್ಫಟಿಕ ಅಧ್ಯಯನವೂ ತೋರಿಸಿತು. ಮೂರೆಳೆಯ ಸುರುಳಿಯ ಮೂಲ ಕಲ್ಪನೆ ಮಾತ್ರ ಮದರಾಸಿನದೇ ಎಂಬುದು ನಮ್ಮ ಅಭಿಪ್ರಾಯ.

ಮತ್ತೊಬ್ಬರಾಗಿದ್ದರೆ ಪತ್ರಿಕೆಗಳಲ್ಲಿ ಜಗಳವಾಡುತ್ತ ಕುಳಿತಿರುತ್ತಿದ್ದರೇನೋ. ರಾಮಚಂದ್ರನ್ ಆ ಆಕ್ಷೇಪವನ್ನೇ ಪ್ರಶ್ನೆಯಾಗಿ ಕೈಗೆತ್ತಿಕೊಂಡರು. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಅದುವರೆಗೆ ತಿಳಿದಿದ್ದ ಸ್ಫಟಿಕ ರಚನೆಗಳನ್ನೆಲ್ಲ ಸೋಸಿ, ಕನಿಷ್ಠ ಅಂತರಗಳ ಪಟ್ಟಿ ಮಾಡಿದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯಲ್ಲಿ ತಿರುಗಬಲ್ಲ ಕೀಲುಗಳು ಮುಖ್ಯವಾಗಿ ಎರಡು. ಅವುಗಳ ಕೋನಗಳೇ ಫೈ ಮತ್ತು ಸೈ. ಒಂದನ್ನು ಅಡ್ಡಲಾಗಿ, ಇನ್ನೊಂದನ್ನು ಲಂಬವಾಗಿ ಇಟ್ಟು ಚೌಕ ಬರೆದರೆ, ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವ ಕಾರಣದಿಂದ ಚೌಕದ ಬಹುಭಾಗ ನಿಷಿದ್ಧ. ಉಳಿದ ಕೆಲವು ದ್ವೀಪಗಳಲ್ಲಷ್ಟೇ ಸರಪಳಿಗೆ ವಾಸ. ಶಿಷ್ಯರಾದ ಸಿ. ರಾಮಕೃಷ್ಣನ್ ಹಾಗೂ ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಈ ಚೌಕವೇ ರಾಮಚಂದ್ರನ್ ನಕ್ಷೆ. ಕಂಪ್ಯೂಟರೇ ಪ್ರೋಟೀನಿನ ಮಡಿಕೆಯನ್ನು ಊಹಿಸಿ ಹೇಳುವ ವಿದ್ಯೆಗೆ 2024ರಲ್ಲಿ ನೊಬೆಲ್ ಸಂದಿತು. ಹೊಸ ರಚನೆಯೊಂದು ಸರಿಯೇ ಎಂದು ಒರೆಹಚ್ಚುವಾಗ ಇಂದಿಗೂ ಈ ನಕ್ಷೆಯನ್ನೇ ನೋಡುತ್ತಾರೆ.

1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಣು ಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಅದೇ ವೇಳೆಗೆ, 1971ರಲ್ಲಿ, ಲಕ್ಷ್ಮೀನಾರಾಯಣನ್ ಅವರೊಡನೆ ಕ್ಷ-ಕಿರಣದ ನೆರಳುಗಳಿಂದ ಒಳಗಿನ ಚಿತ್ರವನ್ನು ಮರಳಿ ಕಟ್ಟುವ ಗಣಿತವನ್ನು ಪ್ರಕಟಿಸಿದರು. ಆಸ್ಪತ್ರೆಯ ಸಿ. ಟಿ. ಸ್ಕ್ಯಾನ್‌ಗೆ ಬಹು ಉಪಯುಕ್ತವಾದ ವಿಧಾನವಿದು. ಆ ಕ್ಷೇತ್ರದ 1979ರ ನೊಬೆಲ್ ಬೇರೆಯವರಿಗೆ ಸಂದಿತು. ರಾಮಚಂದ್ರನ್ ಅವರಿಗೆ ನೊಬೆಲ್ ಬರಲೇ ಇಲ್ಲ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಕಡೆಯ ವರ್ಷಗಳಲ್ಲಿ ಅವರ ಮನಸ್ಸು ತರ್ಕಶಾಸ್ತ್ರದತ್ತ ಹೊರಳಿತು. ಕರ್ನಾಟಕದ ನೆಲಕ್ಕೆ ಚಿರಪರಿಚಿತವಾದ ಜೈನರ ಸ್ಯಾದ್ವಾದವನ್ನು ಗಣಿತದ ಭಾಷೆಯಲ್ಲಿ ಬರೆಯಲು ಅವರು ಯತ್ನಿಸಿದರು. ಪಾರ್ಕಿನ್ಸನ್ ಕಾಯಿಲೆ ಆವರಿಸಿತ್ತು. 1998ರಲ್ಲಿ ಬಹುಕಾಲದ ಸಂಗಾತಿ ರಾಜಲಕ್ಷ್ಮಿಯವರು ತೀರಿಕೊಂಡರು. ಸ್ಫಟಿಕ ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟದ ಇವಾಲ್ಡ್ ಬಹುಮಾನ ಅವರನ್ನು ಅರಸಿ ಬಂದದ್ದು 1999ರಲ್ಲಿ. 2001ರ ಏಪ್ರಿಲ್ 7ರಂದು, 78ನೆಯ ವಯಸ್ಸಿನಲ್ಲಿ, ಚೆನ್ನೈನಲ್ಲಿ ನಿಧನರಾದರು.